ಸರಿಯಾದ ಅಂಕಿ ತೋರಿಸುವ ಕೆಲಸ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆಯತ್ತ ಹೊರಟರೆ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜು ಸಿಗುತ್ತದೆ. 1980ರಲ್ಲಿ ಶುರುವಾದ ಈ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಅನೇಕರು ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಅದೇ ಓದಿಗೆ ಊರಲ್ಲೇ ಬೆಲೆ ಕೊಡುವ ಕಸುಬೊಂದಿದೆ: ಆಸ್ಪತ್ರೆಯ ಉಪಕರಣಗಳ ರಿಪೇರಿ ಮತ್ತು ನಿರ್ವಹಣೆ.

ನಿಂತುಹೋದ ಯಂತ್ರ ಅಷ್ಟು ಅಪಾಯಕಾರಿಯಲ್ಲ. ಅದು ಕೆಟ್ಟಿದೆಯೆಂದು ಎಲ್ಲರಿಗೂ ಕಾಣುತ್ತದೆ. ಭಯ ಹುಟ್ಟಿಸುವುದು ಓಡುತ್ತಲೇ ತಪ್ಪು ತೋರಿಸುವ ಯಂತ್ರ. ಇನ್‌ಫ್ಯೂಷನ್ ಪಂಪು ಗಂಟೆಗೆ 5 ಮಿಲಿ ಎಂದು ತೋರಿಸುತ್ತ 7 ಮಿಲಿ ಹರಿಸಿದರೆ ನರ್ಸ್‌ಗೆ ಗೊತ್ತಾಗುವುದು ಹೇಗೆ? ಅದಕ್ಕೇ ಬಯೋಮೆಡಿಕಲ್ ಟೆಕ್ನೀಷಿಯನ್ ಪಂಪಿನಿಂದ ಹೊರಬರುವ ದ್ರವವನ್ನು ಅಳೆಯುತ್ತಾರೆ, ಬಿಪಿ ಮಾನಿಟರಿಗೆ ಗೊತ್ತಿರುವ ಒತ್ತಡ ಕೊಟ್ಟು ನೋಡುತ್ತಾರೆ, ದಿನಾಂಕ ಬರೆದ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಅಂಟಿಸುತ್ತಾರೆ. ವಿದ್ಯುತ್ ಸೋರಿಕೆಯ ಲೆಕ್ಕ ಇನ್ನೂ ಬಿಗಿ. ಹೃದಯಕ್ಕೆ ನೇರವಾಗಿ ತಾಗುವ ಉಪಕರಣದಿಂದ ಸಾಮಾನ್ಯ ಸ್ಥಿತಿಯಲ್ಲಿ ರೋಗಿಗೆ ಹರಿಯುವ ಸೋರಿಕೆ 10 ಮೈಕ್ರೊಆಂಪಿಯರ್ ಮೀರುವಂತಿಲ್ಲ.

ಮಲೆನಾಡಿನ ಮಳೆಗಾಲ ಈ ಕೆಲಸವನ್ನು ಹೆಚ್ಚಿಸುತ್ತದೆ. ಲ್ಯಾಬಿನ ಮೈಕ್ರೊಸ್ಕೋಪಿನ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಆಕ್ಸಿಜನ್ ಕಾನ್ಸಂಟ್ರೇಟರಿನೊಳಗೆ ಗಾಳಿಯ ನೈಟ್ರೋಜನ್ ಹಿಡಿದಿಡುವ ಜಿಯೊಲೈಟ್ ತೇವ ಕುಡಿದರೆ ಆಮ್ಲಜನಕದ ಪ್ರಮಾಣ ಇಳಿಯುತ್ತದೆ, ಮೋಟಾರು ಮಾತ್ರ ಎಂದಿನಂತೆ ಸದ್ದು ಮಾಡುತ್ತಿರುತ್ತದೆ. ಸಮಯಕ್ಕೆ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕುವುದೂ ಚಿಕಿತ್ಸೆಯ ಭಾಗವೇ ಎಂದು ನಾನು ನಂಬುತ್ತೇನೆ.

ಎಲೆಕ್ಟ್ರಾನಿಕ್ಸ್ ಕಲಿತವರಿಗಷ್ಟೇ ಇಲ್ಲಿ ಜಾಗ ಎಂದೇನಿಲ್ಲ. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಭದ್ರಾವತಿ ತಲೆಮಾರುಗಳಿಂದ ಫಿಟ್ಟರ್, ಟರ್ನರ್‌ಗಳ ಊರು. 121 ಡಿಗ್ರಿ ಹಬೆಯಲ್ಲಿ ಶಸ್ತ್ರಗಳನ್ನು ಶುದ್ಧಗೊಳಿಸುವ ಆಟೊಕ್ಲೇವಿನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಆಪರೇಷನ್ ಟೇಬಲ್ಲಿನ ಹೈಡ್ರಾಲಿಕ್ಸ್, ಇವೆಲ್ಲ ಆ ಕೈಗಳಿಗೆ ಒಗ್ಗುವ ಕೆಲಸ. ಎಕ್ಸ್‌ರೇಯಂಥ ಯಂತ್ರ ಮುಟ್ಟಲು ಮಾತ್ರ ಪ್ರತ್ಯೇಕ ತರಬೇತಿ ಬೇಕು. ಅಲ್ಲಿ ವಿಕಿರಣ ಸುರಕ್ಷತೆಯ ನಿಯಮಗಳಿವೆ.

ಬೇಡಿಕೆ ಎಷ್ಟೆಂಬುದನ್ನು ರಾಷ್ಟ್ರೀಯ ಆರೋಗ್ಯ ಅಭಿಯಾನದ ಸಮೀಕ್ಷೆಯೇ ತೋರಿಸಿತು. ಬೇರೆ ಬೇರೆ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 13ರಿಂದ 34ರಷ್ಟು ಉಪಕರಣಗಳು ಕೆಲಸ ಮಾಡುತ್ತಿರಲಿಲ್ಲ. 2015ರಲ್ಲಿ ನಿರ್ವಹಣೆಗೆಂದೇ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು.

ಓದಿನ ಕೊನೆಯ ವರ್ಷದಲ್ಲಿ ಸವಳಂಗ ರಸ್ತೆಯ ವಿದ್ಯಾರ್ಥಿಗಳು ಒಂದಷ್ಟು ತಿಂಗಳು ಮೆಗ್ಗಾನ್ ಆಸ್ಪತ್ರೆಯಲ್ಲಿ ಟೂಲ್‌ಕಿಟ್ ಹಿಡಿದು ಕಲಿಯುವಂತಾಗಬೇಕು. ಕಾಲೇಜೂ ಆಸ್ಪತ್ರೆಯೂ ಒಂದೇ ಊರಲ್ಲಿವೆ.