ಹಳೇ ಚರ್ಮದ ಜಾಕೆಟ್: ನಂಬಿಕೆ ಎಷ್ಟು, ನಿಜ ಎಷ್ಟು?

ಶಿಗ್ಗಾಂವಿಯಿಂದ ಸವಣೂರಿಗೆ ನಸುಕಿನಲ್ಲಿ ಬೈಕ್ ಹೊಡೆಯುವವರಿಗೆ ಡಿಸೆಂಬರ್ ಚಳಿಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಆ ಚಳಿಗೆಂದೇ ಬೆಂಗಳೂರಿನ ಸಂಡೇ ಬಜಾರಿನಿಂದಲೋ ಮುಂಬೈಯ ಧಾರಾವಿಯಿಂದಲೋ ಬಂದ ಚರ್ಮದ ಜಾಕೆಟ್ಟು ವರ್ಷದ ಬಹುಪಾಲು ಕಪಾಟಿನೊಳಗೇ ಇರುತ್ತದೆ. ಮೈಮೇಲೆ ಹಾಳಾಗುವುದಕ್ಕಿಂತ ಹೆಚ್ಚಾಗಿ ಅದು ಹಾಳಾಗುವುದು ಅಲ್ಲೇ. ಕಾರಣ, ನಮ್ಮಲ್ಲಿ ಬೇರೂರಿದ ಕೆಲವು ತಪ್ಪು ತಿಳಿವಳಿಕೆಗಳು.

ತಪ್ಪು ಕಲ್ಪನೆ: ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರೆ ಜಾಕೆಟ್ ಭದ್ರ.

ಸತ್ಯ: ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲ, ಹಿರೇಕೆರೂರು ಕಡೆ ಆರಿದ್ರಾ ಮಳೆ ಹಿಡಿದರೆ ಗೋಡೆಯೂ ಬೆವರುತ್ತದೆ. ಗಾಳಿಯ ತೇವಾಂಶ ಶೇ. 65-70 ದಾಟಿದರೆ ಚರ್ಮಕ್ಕೆ ಬೂಷ್ಟು ಹಿಡಿಯುವ ಅಪಾಯ ಹೆಚ್ಚು. ಪ್ಲಾಸ್ಟಿಕ್ ಆ ತೇವವನ್ನು ಹೊರಗೆ ಬಿಡದು. ಅಗಲ ಹೆಗಲಿನ ಹ್ಯಾಂಗರಿಗೆ ಹಾಕಿ, ಮೇಲೆ ಹಳೇ ಹತ್ತಿ ಬಟ್ಟೆ ಹೊದಿಸಿ, ಗೋಡೆಗೆ ತಾಗದಂತೆ ತೂಗುಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊರಗೆ ತೆಗೆದು ಗಾಳಿಗಿಡಿ.

ತಪ್ಪು ಕಲ್ಪನೆ: ಬೂಷ್ಟು ಬಂದರೆ ಬಿಸಿಲಿಗೆ ಹಾಕಿದರೆ ಸಾಕು.

ಸತ್ಯ: ಸುಡುಬಿಸಿಲಿಗೆ ಚರ್ಮದೊಳಗಿನ ತೇವ ಆರಿ ಅದು ಸೆಟೆದುಕೊಳ್ಳುತ್ತದೆ, ಬಣ್ಣವೂ ಹಾರುತ್ತದೆ. ಅಂಗಳದ ನೆರಳಿಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್‌ನಿಂದ ಒಣಬೂಷ್ಟನ್ನು ಉದುರಿಸಿ. ಸ್ಪಿರಿಟ್ಟಿಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಗುರಾಗಿ ಒರೆಸಿ. ಅದಕ್ಕೂ ಮೊದಲು ಕಾಲರಿನ ಒಳಬದಿಯಲ್ಲಿ ಒರೆಸಿ ನೋಡಿ, ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಒಣಗುವುದೂ ನೆರಳಲ್ಲೇ ಆಗಲಿ.

ತಪ್ಪು ಕಲ್ಪನೆ: ಚಪ್ಪಲಿಗೆ ಹಚ್ಚುವ ಎಣ್ಣೆಯನ್ನೇ ಜಾಕೆಟ್ಟಿಗೂ ಹಚ್ಚಬಹುದು.

ಸತ್ಯ: ಎರಡೂ ಚರ್ಮವೇ, ಹದ ಬೇರೆ. ನಾಡ ಚಪ್ಪಲಿಯ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿಯಂಥವುಗಳಿಂದ ಹದ ಮಾಡುತ್ತಾರೆ. ಮೇಲೆ ಲೇಪ ಇಲ್ಲದ್ದರಿಂದ ಅದು ಎಣ್ಣೆ ಕುಡಿಯುತ್ತದೆ. ಜಾಕೆಟ್ಟಿನ ಚರ್ಮ ಬಹುತೇಕ ಕ್ರೋಮ್ ಹದದ್ದು, ಮೇಲೆ ಬಣ್ಣದ ತೆಳು ಲೇಪವಿರುತ್ತದೆ. ಕೊಬ್ಬರಿ ಎಣ್ಣೆ ಅದರ ಮೇಲೆಯೇ ನಿಂತು ಧೂಳು ಹಿಡಿಯುತ್ತದೆ, ಕಮಟು ವಾಸನೆ ಹೊಡೆಯುತ್ತದೆ. ಬೂಟ್ ಪಾಲಿಶ್ ಹಚ್ಚಿದರೆ ಒಳಗಿನ ಅಂಗಿಗೂ ಕಲೆ. ವರ್ಷಕ್ಕೊಂದೆರಡು ಬಾರಿ ಲೆದರ್ ಕಂಡೀಷನರ್ ತೆಳ್ಳಗೆ ಸವರಿದರೆ ಸಾಕು.

ತಪ್ಪು ಕಲ್ಪನೆ: ಬೆಂಕಿ ತಾಗಿಸಿದಾಗ ಹೊತ್ತಿಕೊಳ್ಳದಿದ್ದರೆ ಅಸಲಿ ಚರ್ಮ.

ಸತ್ಯ: ಲೈಟರ್ ಹಿಡಿದು ತೋರಿಸುವುದು ವ್ಯಾಪಾರದ ಕಸರತ್ತು. ಕ್ಷಣಮಾತ್ರದ ಜ್ವಾಲೆಯಿಂದ ಏನೂ ತಿಳಿಯದು. ಜೇಬಿನ ಒಳಗೋ ಅಸ್ತರಿನ ಹೊಲಿಗೆ ಬಿಚ್ಚಿದಲ್ಲೋ ಕತ್ತರಿಸಿದ ಅಂಚನ್ನು ಹುಡುಕಿ ನೋಡಿ. ಒಂದಕ್ಕೊಂದು ಹೆಣೆದುಕೊಂಡ ನಾರು ಕಂಡರೆ ಚರ್ಮ. ನೇಯ್ದ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ ಕಂಡರೆ ರೆಕ್ಸಿನ್. ಹೊಟ್ಟಿನಂತೆ ಹಾಳೆ ಹಾಳೆಯಾಗಿ ಸುಲಿದು ಉದುರುವುದು ಸಾಮಾನ್ಯವಾಗಿ ರೆಕ್ಸಿನ್ನೇ. ಚರ್ಮ ಹಳೆಯದಾದರೆ ಬಿರುಕು ಬಿಡುತ್ತದೆ. ‘ಜೆನ್ಯೂಯಿನ್ ಲೆದರ್’ ಎಂಬ ಮುದ್ರೆ ಉತ್ತಮ ದರ್ಜೆಯ ಭರವಸೆಯೇನಲ್ಲ, ಚರ್ಮದ ಕೆಳಪದರಕ್ಕೂ ಅದೇ ಮುದ್ರೆ ಬೀಳುತ್ತದೆ.

ತಪ್ಪು ಕಲ್ಪನೆ: ಸವೆದು ಮಾಸಿದ್ದರೆ ಹಳೆಯ ಕಾಲದ್ದು.

ಸತ್ಯ: ಸವೆತವನ್ನು ಕಾರ್ಖಾನೆಯಲ್ಲೇ ಮಾಡಿಕೊಡುತ್ತಾರೆ. ಸಂಗ್ರಹಕಾರರು ಹುಡುಕುವ ಅಮೆರಿಕದ ವೈಮಾನಿಕರ ‘ಎ-2’ ಜಾಕೆಟ್ 1931ರದು. ಹಾಲಿವುಡ್ ನಟ ಮರ್ಲಾನ್ ಬ್ರಾಂಡೊ 1953ರ ಸಿನಿಮಾದಲ್ಲಿ ತೊಟ್ಟ ಮೇಲೆ ಬೈಕಿನವರ ಜಾಕೆಟ್ ಜಗತ್ತಿಗೆಲ್ಲ ಹಬ್ಬಿತು. ಎರಡಕ್ಕೂ ಇಂದು ನಕಲುಗಳ ಸಾಲೇ ಇದೆ. ನಿಜವಾದ ಸವೆತ ಮೊಣಕೈ, ತೋಳಿನ ತುದಿ, ಕಾಲರಿನ ಮಡಿಕೆಯಲ್ಲಿರುತ್ತದೆ. ಎಲ್ಲೆಡೆ ಒಂದೇ ಸಮ ಮಾಸಿದ್ದರೆ ಅನುಮಾನಿಸಿ. ಚೀಟಿ, ಜಿಪ್, ಅಸ್ತರು ಮೂರೂ ಒಂದೇ ಕಾಲವನ್ನು ಹೇಳಬೇಕು.

ತಪ್ಪು ಕಲ್ಪನೆ: ಚರ್ಮದ ಜಾಕೆಟ್ ಇದ್ದರೆ ಬೈಕಿನಿಂದ ಬಿದ್ದರೂ ಚಿಂತೆಯಿಲ್ಲ.

ಸತ್ಯ: ಶೋಕಿಗೆ ಮಾಡಿದ ಜಾಕೆಟ್ಟಿನ ಚರ್ಮ ತೆಳು. ಸವಾರಿಗೆಂದೇ ಮಾಡಿದ್ದರಲ್ಲಿ ದಪ್ಪ ಚರ್ಮ, ಗಟ್ಟಿ ಹೊಲಿಗೆ, ಭುಜ-ಮೊಣಕೈಗೆ ರಕ್ಷಾಕವಚ ಇರುತ್ತವೆ. ಹಳೆಯದರ ದಾರ ಕುಂಬಾಗಿದ್ದರೆ ಹೊಲಿಗೆಯೇ ಮೊದಲು ಬಿಡುತ್ತದೆ. ಬಂಕಾಪುರದ ಹತ್ತಿರ ಹೆದ್ದಾರಿ ಹಿಡಿಯುವವರು ಇದನ್ನು ಮರೆಯಬಾರದು.

ತಪ್ಪು ಕಲ್ಪನೆ: ಅಜ್ಜನ ಕಾಲದ ಚಿಗರಿ, ಚಿರತೆ ಚರ್ಮ ಮನೆಯ ಆಸ್ತಿ, ಬೇಕಾದಾಗ ಮಾರಬಹುದು.

ಸತ್ಯ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳ ಮಾರಾಟ ಅಪರಾಧ. ಒಡೆತನದ ಪ್ರಮಾಣಪತ್ರ ಇದ್ದವರೂ ಮಾರುವಂತಿಲ್ಲ. ನಮ್ಮದೇ ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನ ಅಭಯಾರಣ್ಯ ಇರುವುದು ಚಿಗರಿಗಾಗಿ, ಅಂದರೆ ಕೃಷ್ಣಮೃಗಕ್ಕಾಗಿ. ಅಂಥ ಚರ್ಮ ಹಚ್ಚಿದ ಜಾಕೆಟ್ ಸಿಕ್ಕರೂ ಕೈ ಹಾಕಬೇಡಿ.

ಕೊನೆಗೊಂದು ಮಾತು. ಕೊಳ್ಳುವಾಗ ಅಂಚು ನೋಡಿ, ಹೊಲಿಗೆ ಎಳೆದು ನೋಡಿ, ತೋಳಿನೊಳಗೆ ಮೂಗಿಟ್ಟು ಮೂಸಿ. ಜಿಪ್ ಕೆಟ್ಟಿದ್ದರೆ ಹೊಸದು ಹಾಕಿಸಬಹುದು, ಬಿಚ್ಚಿದ ಹೊಲಿಗೆಯನ್ನು ಊರಿನ ಚಪ್ಪಲಿ ಹೊಲಿಯುವವರೇ ಸರಿಮಾಡಿಕೊಡುತ್ತಾರೆ. ಬೂಷ್ಟಿನ ವಾಸನೆ ಬಂದರೆ ಮಾತ್ರ, ಎಷ್ಟೇ ಅಗ್ಗವಿದ್ದರೂ ಬಿಟ್ಟು ಬನ್ನಿ.