ನೆಲದ ಮೇಲಿನ ಅರ್ಧ ಗಂಟೆ

ಎತ್ತಿನ ಗಾಡಿ ಊರು ಬಿಡುವ ಮೊದಲು ಗಾಡಿ ಹೊಡೆಯುವವನು ಅದರ ಸುತ್ತ ಒಮ್ಮೆ ಬರುತ್ತಿದ್ದ. ಅಚ್ಚಿಗೆ ಕೀಲೆಣ್ಣೆ ಬಿದ್ದಿದೆಯೆ, ಕಡಾಣಿ ಸಡಿಲವಾಗಿಲ್ಲವಷ್ಟೆ, ಹೇರು ಹಿಂದಕ್ಕೆ ವಾಲಿ ನೊಗ ಮೇಲೇಳುತ್ತಿಲ್ಲವಷ್ಟೆ ಎಂದು ನೋಡುತ್ತಿದ್ದ. ಇದನ್ನು ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ನೋಡಬೇಕಾದದ್ದು ನಾಲ್ಕೋ ಐದೋ ಅಂಶ, ನೆನಪು ಸಾಕಾಗುತ್ತಿತ್ತು.

ವಿಮಾನದ ಮೊದಲ ಮೂವತ್ತು ವರ್ಷವೂ ಬಹುಮಟ್ಟಿಗೆ ಹೀಗೆಯೇ ನಡೆಯಿತು. ಕಲಿಯುವವನು ಗುರುವಿನ ಬಾಯಿಂದ ಕೇಳಿ ಕಲಿಯುತ್ತಿದ್ದ, ನೆನಪಿಟ್ಟುಕೊಳ್ಳುತ್ತಿದ್ದ. ಆ ಪದ್ಧತಿಯ ಮಿತಿ ಎಲ್ಲರ ಕಣ್ಣಿಗೆ ಬಿದ್ದದ್ದು 1935ರ ಅಕ್ಟೋಬರ್ 30ರಂದು, ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಬಳಿಯ ರೈಟ್ ಫೀಲ್ಡ್‌ನಲ್ಲಿ.

ಅಂದು ಸೇನೆಯ ಮುಂದೆ ಪರೀಕ್ಷೆಗೆ ನಿಂತಿದ್ದುದು ಬೋಯಿಂಗ್ ಕಂಪನಿಯ ‘ಮಾಡೆಲ್ 299’ ಎಂಬ ನಾಲ್ಕು ಎಂಜಿನ್‌ಗಳ ಬಾಂಬರ್. ಆ ಕಾಲಕ್ಕೆ ಅದೊಂದು ದೈತ್ಯ. ವಿಮಾನ ನೆಲದಲ್ಲಿ ನಿಂತಿರುವಾಗ ಬಿರುಗಾಳಿ ಬೀಸಿ ಬಾಲದ, ರೆಕ್ಕೆಯ ಚಲಿಸುವ ಹಲಗೆಗಳನ್ನು ಪಟಪಟ ಬಡಿದು ಕೆಡಿಸಬಾರದೆಂದು ಅವುಗಳನ್ನು ಅಲುಗದಂತೆ ಹಿಡಿದಿಡುವ ಒಂದು ಬೀಗವನ್ನು ಅದರಲ್ಲಿ ಅಳವಡಿಸಿದ್ದರು. ಹಾರುವ ಮುನ್ನ ಅದನ್ನು ಬಿಡಿಸಬೇಕು. ಅಂದು ಬಿಡಿಸಿರಲಿಲ್ಲ. ವಿಮಾನ ಓಡಿತು, ಎದ್ದಿತು, ಮೂತಿ ಮೇಲಕ್ಕೆತ್ತಿ ಕಡಿದಾಗಿ ಏರಿತು. ಮೂತಿಯನ್ನು ಕೆಳಗಿಳಿಸಬೇಕಾದ ಹಲಗೆಗೇ ಬೀಗ ಬಿದ್ದಿದ್ದರಿಂದ ವೇಗ ಕಳೆದುಕೊಂಡು ಬಿದ್ದು ಹೊತ್ತಿ ಉರಿಯಿತು. ಮೇಜರ್ ಪ್ಲಾಯರ್ ಹಿಲ್ ಸತ್ತರು. ಬೋಯಿಂಗ್‌ನ ಪರೀಕ್ಷಾ ಪೈಲಟ್ ಲೆಸ್ಲಿ ಟವರ್ ಕೆಲವು ದಿನಗಳ ನಂತರ ತೀರಿಕೊಂಡರು.

ಇವರಲ್ಲಿ ಯಾರೂ ಹೊಸಬರಲ್ಲ. ಹಿಲ್ ಸೇನೆಯ ನುರಿತ ಪರೀಕ್ಷಾ ಪೈಲಟ್. ಟವರ್ ಅಂತೂ ಅದೇ ವರ್ಷ ಜುಲೈನಲ್ಲಿ ಆ ವಿಮಾನವನ್ನು ಮೊಟ್ಟಮೊದಲು ಹಾರಿಸಿದ್ದವರು. ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಬಲ್ಲವರೇ ಮರೆತರೆಂದರೆ ಇನ್ನಷ್ಟು ತರಬೇತಿ ಕೊಟ್ಟು ಏನು ಪ್ರಯೋಜನ? ದೊಡ್ಡ ಗುತ್ತಿಗೆ ಬೇರೆ ಕಂಪನಿಯ ಎರಡು ಎಂಜಿನ್ ವಿಮಾನಕ್ಕೆ ಹೋಯಿತು. ಆದರೂ ಸೇನೆ ಬೋಯಿಂಗ್‌ನಿಂದ 13 ವಿಮಾನಗಳನ್ನು ಪ್ರಯೋಗಕ್ಕೆಂದು ಕೊಂಡಿತು. ಅವುಗಳನ್ನು ಹಾರಿಸಬೇಕಾದ ಪೈಲಟ್‌ಗಳು ಕಂಡುಕೊಂಡ ಉಪಾಯ ತೀರ ಸಾಧಾರಣವಾದದ್ದು: ಒಂದು ಪಟ್ಟಿ. ಏರುವ ಮುನ್ನ ಇಷ್ಟು, ಹಾರುವಾಗ ಇಷ್ಟು, ಇಳಿಯುವ ಮುನ್ನ ಇಷ್ಟು, ಇಳಿದ ಮೇಲೆ ಇಷ್ಟು. ಗೊತ್ತಿಲ್ಲದ್ದನ್ನು ತಿಳಿಸುವುದಕ್ಕಲ್ಲ, ಗೊತ್ತಿರುವುದನ್ನು ಮರೆಯದಿರುವುದಕ್ಕೆ. ಆ ಬಾಂಬರ್ ಮುಂದೆ ಬಿ-17 ಎಂದು ಹೆಸರಾಗಿ 12 ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ‘ಚೆಕ್‌ಲಿಸ್ಟ್’ ಎಂಬ ಆ ಹಾಳೆ ವಿಮಾನಕ್ಕಿಂತ ಹೆಚ್ಚು ಕಾಲ ಬಾಳಿ, ಈಗ ಶಸ್ತ್ರಚಿಕಿತ್ಸೆಯ ಕೊಠಡಿಯನ್ನೂ ಹೊಕ್ಕಿದೆ.

ಇಂದು ಹಾರಾಟದ ಶಾಲೆಗೆ ಸೇರಿದ ಹುಡುಗನೋ ಹುಡುಗಿಯೋ ಮೊದಲು ಕಲಿಯುವುದು ಹಾರುವುದನ್ನಲ್ಲ, ಸುತ್ತುವುದನ್ನು. ಕೈಯಲ್ಲಿ ಪಟ್ಟಿ ಹಿಡಿದು ವಿಮಾನದ ಸುತ್ತ ನಡೆಯಬೇಕು. ಟೈರು, ಬ್ರೇಕು, ಪ್ರೊಪೆಲ್ಲರಿನ ಅಂಚಿನಲ್ಲಿ ಬಿರುಕು, ಎಂಜಿನ್ ಆಯಿಲ್ ಮಟ್ಟ. ರೆಕ್ಕೆಯ ಹಲಗೆಗಳನ್ನು ಕೈಯಿಂದ ಅಲುಗಾಡಿಸಿ ನೋಡಬೇಕು. ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಪಾರದರ್ಶಕ ಬಟ್ಟಲಿಗೆ ಇಳಿಸಿ ಬೆಳಕಿಗೆ ಹಿಡಿಯಬೇಕು. ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಬಳಸುವ ಪೆಟ್ರೋಲಿಗೆ ಗುರುತಿಗಾಗಿ ನೀಲಿ ಬಣ್ಣ ಕಟ್ಟಿರುತ್ತಾರೆ; ನೀರು ಸೇರಿದ್ದರೆ ಬಣ್ಣವಿಲ್ಲದೆ ತಳದಲ್ಲಿ ನಿಲ್ಲುತ್ತದೆ. ರಾತ್ರಿಯ ತಂಪಿಗೆ ಟ್ಯಾಂಕಿನೊಳಗೆ ಹನಿಗಟ್ಟಿದ ಅಷ್ಟು ನೀರೇ ಮೇಲೆ ಹೋದಾಗ ಎಂಜಿನ್ ನಿಲ್ಲಿಸಬಲ್ಲದು.

ವಿಮಾನದ ವೇಗವನ್ನು ಅಳೆಯುವುದು ‘ಪಿಟೊ’ ಎಂಬ ಒಂದು ಸಣ್ಣ ಕೊಳವೆ. ಎದುರು ಗಾಳಿ ಅದರೊಳಗೆ ನುಗ್ಗುವ ಒತ್ತಡದಿಂದ ವೇಗ ತಿಳಿಯುತ್ತದೆ. ವಿಮಾನ ನಿಂತಿರುವಾಗ ಅದಕ್ಕೆ ಟೊಪ್ಪಿಗೆ ಹಾಕಬೇಕು, ಹೊರಡುವಾಗ ತೆಗೆಯಬೇಕು. ನಮ್ಮ ಮನೆಯ ಗೋಡೆ, ಕಿಟಕಿ ಸಂದಿಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜವನ್ನು ಎಲ್ಲರೂ ನೋಡಿದ್ದೇವೆ. ಅದರ ಜಾತಿಯ ಹುಳಕ್ಕೆ ಇಂಥ ಕೊಳವೆ ಹೇಳಿ ಮಾಡಿಸಿದ ಮನೆ. 1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757 ಕಡಲಿಗೆ ಬಿದ್ದು 189 ಮಂದಿಯೂ ಸತ್ತರು. ಕ್ಯಾಪ್ಟನ್ ಕಡೆಯ ವೇಗಮಾಪಕ ತಪ್ಪು ತೋರಿಸುತ್ತಿತ್ತು. ಕೆಲವು ದಿನಗಳಿಂದ ಹಾರದೆ ನಿಂತಿದ್ದ ವಿಮಾನದ ಕೊಳವೆಗೆ ಟೊಪ್ಪಿಗೆ ಇರಲಿಲ್ಲವೆಂದೂ, ಅದನ್ನು ಮುಚ್ಚಿದ್ದು ಬಹುಶಃ ಕಣಜದ ಗೂಡೆಂದೂ ತನಿಖೆ ಹೇಳಿತು.

ಸುತ್ತು ಮುಗಿದರೂ ಹಾರುವಂತಿಲ್ಲ, ಲೆಕ್ಕವಿದೆ. ಎಷ್ಟು ದೂರ, ಎದುರುಗಾಳಿ ಎಷ್ಟು, ಎಷ್ಟು ಇಂಧನ, ಮೇಲೆ ಎಷ್ಟು ಮೀಸಲು. 1983ರ ಜುಲೈ 23ರಂದು ಕೆನಡಾದ ವಿಮಾನವೊಂದಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಲೀಟರನ್ನು ತೂಕಕ್ಕೆ ತಿರುಗಿಸುವಾಗ ಕಿಲೋದ ಬದಲು ಪೌಂಡಿನ ಗುಣಕ ಬಳಸಿದರು. ಹೊರಟದ್ದು ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ. 41 ಸಾವಿರ ಅಡಿ ಎತ್ತರದಲ್ಲಿ ತೊಂದರೆ ಶುರುವಾಗಿ, ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಅದನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಉಳಿದರು. ಅವರಿಗೆ ಗ್ಲೈಡರ್ ಹಾರಿಸಿದ ಅಭ್ಯಾಸವಿತ್ತು. ಅದು ಲೆಕ್ಕದಲ್ಲಿ ಇರದಿದ್ದ ಅದೃಷ್ಟ.

ಇನ್ನೊಂದು ಲೆಕ್ಕ ನಮ್ಮ ಬೆಂಗಳೂರಿಗೆ ತೀರ ಹತ್ತಿರದ್ದು. 1940ರ ದಶಕದ ಕೊನೆಯಲ್ಲಿ ಹುಟ್ಟಿದ ಜಕ್ಕೂರಿನ ಸರ್ಕಾರಿ ವಿಮಾನಯಾನ ತರಬೇತಿ ಶಾಲೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಬಿಸಿಯಾದರೆ ಇನ್ನೂ ತೆಳುವಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ 35 ಡಿಗ್ರಿ ಬಿಸಿಲಿರುವಾಗ ಲೆಕ್ಕ ಹಾಕಿದರೆ, ವಿಮಾನದ ಪಾಲಿಗೆ ಜಕ್ಕೂರು 6,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ಎಂಜಿನ್‌ಗೆ ಉಸಿರು ಸಾಲದು, ಪ್ರೊಪೆಲ್ಲರ್‌ಗೆ ಹಿಡಿತ ಸಾಲದು, ರೆಕ್ಕೆಗೆ ಆಧಾರ ಸಾಲದು. ಬೆಳಗಿನ ತಂಪಿನಲ್ಲಿ ಸುಲಭವಾಗಿ ಎದ್ದ ಅದೇ ವಿಮಾನ ಅದೇ ಹೊರೆಯೊಂದಿಗೆ ಮಧ್ಯಾಹ್ನ ರನ್‌ವೇಯ ಇನ್ನಷ್ಟು ಭಾಗವನ್ನು ತಿನ್ನುತ್ತದೆ. ಕಣ್ಣಿಗೆ ಇದಾವುದೂ ಕಾಣುವುದಿಲ್ಲ.

ಇದೇ ಲೆಕ್ಕ ತಪ್ಪಿದ ಒಂದು ಪ್ರಸಂಗ 1996ರ ಏಪ್ರಿಲ್‌ನಲ್ಲಿ ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂತು. ಏಳು ವರ್ಷದ ಜೆಸ್ಸಿಕಾ ಡುಬ್ರಾಫ್ ಎಂಬ ಹುಡುಗಿ ತಂದೆ ಹಾಗೂ ತರಬೇತುದಾರನೊಂದಿಗೆ ಅಮೆರಿಕವನ್ನು ಕರಾವಳಿಯಿಂದ ಕರಾವಳಿಗೆ ದಾಟಲು ಹೊರಟಿದ್ದಳು. ಅವರು ಹೊರಟ ಕ್ಯಾಲಿಫೋರ್ನಿಯಾದ ಊರು ಸಮುದ್ರದ ಪಕ್ಕದಲ್ಲೇ ಇದೆ. ಎರಡನೆಯ ದಿನ ಏರಬೇಕಾದದ್ದು ವಯೋಮಿಂಗ್ ರಾಜ್ಯದ ಶಯೆನ್‌ನಿಂದ. ಅದು 6,000 ಅಡಿಗೂ ಎತ್ತರ. ಮಳೆ, ಗುಡುಗು, ಬಿರುಗಾಳಿ. ಹೊರೆ ಮಿತಿ ಮೀರಿತ್ತು. ವಿಮಾನ ಏರಿದ ಕೆಲವೇ ಕ್ಷಣಗಳಲ್ಲಿ ಬಿದ್ದು ಮೂವರೂ ಸತ್ತರು. ಹುಡುಗಿ ಹಾರಿಸಬಹುದಿತ್ತೆ ಎಂಬ ಚರ್ಚೆಯೇ ಆಗ ಜೋರಾಗಿತ್ತು. ತನಿಖಾ ಮಂಡಳಿ ಬೊಟ್ಟು ಮಾಡಿದ್ದು ತರಬೇತುದಾರನ ನಿರ್ಧಾರದ ಕಡೆಗೆ. ಟೀವಿಯವರಿಗೆ ಮಾತು ಕೊಟ್ಟು ಬಿಗಿಯಾಗಿ ಹೆಣೆದ ವೇಳಾಪಟ್ಟಿಯೂ ಅದಕ್ಕೆ ಕಾರಣವೆಂದಿತು. ನನಗೆ ಕಾಣುವಂತೆ ಹಾರಾಟದ ಶಾಲೆಯಲ್ಲಿ ಕಲಿಸಲು ಅತಿ ಕಷ್ಟವಾದ ಪಾಠ ಇದೇ: ಎಲ್ಲ ಸಿದ್ಧವಾಗಿ, ನೆಂಟರಿಷ್ಟರು ಕಾದು ನಿಂತಿರುವಾಗ ‘ಇವತ್ತು ಬೇಡ’ ಎನ್ನುವುದು.

ಪಟ್ಟಿಯ ಕಡೆಗೆ ಮತ್ತೆ ಬರೋಣ. 2014ರ ಮೇ 31ರ ರಾತ್ರಿ ಅಮೆರಿಕದ ಬೆಡ್‌ಫರ್ಡ್ ವಿಮಾನ ನಿಲ್ದಾಣದಲ್ಲಿ ಒಂದು ಖಾಸಗಿ ಜೆಟ್ ಏರಲಾಗದೆ ರನ್‌ವೇ ದಾಟಿ ನುಗ್ಗಿ ಹೊತ್ತಿಕೊಂಡಿತು; ಏಳು ಮಂದಿ ಸತ್ತರು. ಗಾಳಿಗೆಂದು ಹಾಕುವ ಬೀಗವನ್ನು ಬಿಡಿಸಿರಲಿಲ್ಲ. ಹಿಲ್ ಮತ್ತು ಟವರ್ ಸತ್ತು ಆಗಲೇ 78 ವರ್ಷ ಕಳೆದಿತ್ತು. ಇಬ್ಬರು ಪೈಲಟ್‌ಗಳೂ ಬಹಳ ಅನುಭವಿಗಳು, ವರ್ಷಗಟ್ಟಲೆ ಜೊತೆಯಾಗಿ ಹಾರಿದವರು. ಚಕ್ರ, ಕೋಲುಗಳನ್ನು ಪೂರ್ತಿ ಆಡಿಸಿ ನೋಡುವ ಕೆಲಸ ಅವರ ಪಟ್ಟಿಯಲ್ಲಿ ಅಚ್ಚಾಗಿಯೇ ಇತ್ತು. ತನಿಖೆಯವರು ವಿಮಾನದ ದಾಖಲೆ ಯಂತ್ರವನ್ನು ಹಿಂದಕ್ಕೆ ಓದುತ್ತ ಹೋದರು. ಅದಕ್ಕೂ ಹಿಂದಿನ 175 ಏರಿಕೆಗಳಲ್ಲಿ ನೂರಕ್ಕೆ 98ರಷ್ಟು ಸಲ ಆ ಪರೀಕ್ಷೆಯನ್ನು ಅವರು ಪೂರ್ತಿ ಮಾಡಿರಲೇ ಇಲ್ಲ. ಅಷ್ಟೂ ಸಲ ವಿಮಾನ ಸುಖವಾಗಿ ಹಾರಿ ಇಳಿದಿತ್ತು.