ಪರರ ಮೈದಾನದಾಗ ನಮ್ಮವರ ಕೂಗು

ಅಕ್ಕಲಕೋಟ: “ಮಾಮಾ, ಅರವತ್ತಾರು-ಸೊನ್ನಿ ಆತು ನೋಡು. ಒಂದರೆ ಪಾಯಿಂಟ್ ಬರಬಾರದೇನು!”

2024ರ ಡಿಸೆಂಬರ್ 1, ರವಿವಾರ. ಮುಂಜಾನೆ ಒಂಬತ್ತರ ಸುಮಾರು. ದೊಡ್ಡವ್ವನ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಅಕ್ಕನ ಫೋನಿಗೆ ಅಮೆರಿಕದಿಂದ ಅವಳ ಮಗನ ಕರೆ ಬಂತು. ಅಲ್ಲಿ ಇನ್ನೂ ಶನಿವಾರದ ರಾತ್ರಿ. ಹುಡುಗ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಾನೆ. ಗೆಳೆಯರ ಜೊತೆ ಕಾರಿನಲ್ಲಿ ಬ್ಲೂಮಿಂಗ್‌ಟನ್ ಎಂಬ ಊರಿಗೆ ಹೋಗಿ, ಇಂಡಿಯಾನಾ ವಿಶ್ವವಿದ್ಯಾಲಯದ ಎದುರು ತನ್ನ ಕಾಲೇಜು ಆಡುವ ಫುಟ್‌ಬಾಲ್ ನೋಡಿ ಬಂದಿದ್ದ. ಥಂಡಿಗೆ ಹಲ್ಲು ಕಟಕಟ ಅನ್ನುವ ಸದ್ದು ನಮಗೆ ಇಲ್ಲಿ ಕೇಳುವಂತಿತ್ತು. ಹಾಗಿದ್ದರೂ ದನಿಯಲ್ಲಿ ಖುಷಿ ಇತ್ತು.

ಅಕ್ಕ ಸುಮ್ಮನಿರಲಿಲ್ಲ. “ಸೋಲೋದು ನೋಡಾಕ ಅಷ್ಟು ದೂರ ಹೋಗಿದ್ದೇನಪಾ? ಅದೂ ರಾತ್ರಿ ಹೊತ್ತಿನಾಗ?” ಅಂದಳು. ಹುಡುಗ ನಕ್ಕ. “ಅವ್ವಾ, ಮನಿಯಾಗಿನ ಮ್ಯಾಚ್ ಎಲ್ಲಾರೂ ನೋಡತಾರ. ಹೊರಗಿನ ಮ್ಯಾಚಿಗೆ ಹೋಗಾವನ ಖರೇ ಅಭಿಮಾನಿ” ಅಂದ.

ಆ ಮಾತಿನ ಹಿಂದೆ ಎಷ್ಟು ದೊಡ್ಡ ಕಥೆ ಇದೆ ಎಂದು ಆಮೇಲೆ ಹುಡುಕಿದಾಗ ತಿಳಿಯಿತು. ನಮ್ಮ ಭಾಗದ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದ ಕಾಲೇಜುಗಳಲ್ಲಿದ್ದಾರೆ. ಶನಿವಾರ ಬಂತೆಂದರೆ ಅವರು ಎಲ್ಲಿ ಹೋಗುತ್ತಾರೆ, ಯಾಕೆ ಹೋಗುತ್ತಾರೆ ಎಂಬುದು ಇಲ್ಲಿನ ಅವ್ವ-ಅಪ್ಪಂದಿರಿಗೂ ಗೊತ್ತಿರಲಿ ಎಂದು ಈ ಬರಹ.

ಇದು ನಮ್ಮ ಫುಟ್‌ಬಾಲ್ ಅಲ್ಲ

ಹೆಸರು ಫುಟ್‌ಬಾಲ್, ಆದರೆ ಚೆಂಡು ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ಎರಡೂ ಕಡೆ ಹನ್ನೊಂದು ಮಂದಿ. ತಲೆಗೆ ಹೆಲ್ಮೆಟ್, ಹೆಗಲಿಗೆ ಗಾದಿಯಂಥ ಕವಚ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದುಕೊಂಡು ಎದುರಾಳಿಯ ಕೊನೆಯ ಗೆರೆ ದಾಟಿದರೆ ‘ಟಚ್‌ಡೌನ್’, ಆರು ಅಂಕ. ಅಡ್ಡ ಬಂದವರನ್ನು ಕೆಡವುವುದು, ಕೆಡವಿಸಿಕೊಳ್ಳುವುದು ಆಟದ ಭಾಗ. ನಮ್ಮ ಕಬಡ್ಡಿ ಬಲ್ಲವರಿಗೆ ಇದರ ಗತ್ತು ಬೇಗ ಹತ್ತುತ್ತದೆ.

ಅಲ್ಲಿ ವೃತ್ತಿಪರ ತಂಡಗಳ ಆಟ ಹೆಚ್ಚಾಗಿ ರವಿವಾರ, ಕಾಲೇಜುಗಳದು ಶನಿವಾರ. ಕಾಲೇಜು ಆಟವೆಂದು ಹಗುರಾಗಿ ತಿಳಿಯಬೇಡಿ. ಮಿಷಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂಡುತ್ತಾರೆ! ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ ಆಟವಿದ್ದ ದಿನ ಆ ಮೈದಾನವೇ ರಾಜ್ಯದ ಮೂರನೆಯ ದೊಡ್ಡ ಊರು ಆಗಿಬಿಡುತ್ತದೆ. 1962ರಿಂದ ಅಲ್ಲಿ ಟಿಕೆಟ್ ಉಳಿದದ್ದೇ ಇಲ್ಲ.

ಆಟಕ್ಕೆ ಮುನ್ನ ಗಾಡಿ ನಿಲ್ಲಿಸುವ ಬಯಲಿನಲ್ಲೇ ಒಲೆ ಹೂಡಿ ಅಡುಗೆ ಮಾಡುತ್ತಾರೆ. ವಾಹನದ ಹಿಂಬಾಗಿಲು ಇಳಿಸಿ ಅದರ ಮೇಲೆ ತಿನಿಸು ಹರಡುವುದರಿಂದ ಇದಕ್ಕೆ ‘ಟೇಲ್‌ಗೇಟಿಂಗ್’ ಎಂದು ಹೆಸರು. ಗಡ್ಡಾ ಯಾತ್ರೆಗೆ ಹೋದವರು ಗಾಡಿ ಬದಿಗೆ ಕಂಬಳಿ ಹಾಸಿ, ಕಡಕ್ ಭಕ್ರಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದಂತೆಯೇ. ಎದುರು ತಂಡದವನು ಬಂದು ನಿಂತರೂ ಅವನ ಕೈಗೆ ಒಂದು ತಾಟು ಬರುತ್ತದೆ.

ನಮ್ಮ ಹುಡುಗ ನೋಡಲು ಹೋದ ಪಂದ್ಯಕ್ಕೆ ಇಡುವ ಬಹುಮಾನವೇ ಸ್ವಾರಸ್ಯ. ಬಾವಿಯಿಂದ ನೀರು ಸೇದುವ ಒಂದು ಹಳೆಯ ಓಕ್ ಮರದ ಬಕೆಟ್! 1925ರಿಂದ ಗೆದ್ದವರು ಅದನ್ನು ಒಯ್ಯುತ್ತಾರೆ. ಪರ್ಡ್ಯೂ ಗೆದ್ದರೆ ‘ಪಿ’, ಇಂಡಿಯಾನಾ ಗೆದ್ದರೆ ‘ಐ’ ಅಕ್ಷರದ ಕಂಚಿನ ಕೊಂಡಿಯನ್ನು ಅದರ ಸರಪಳಿಗೆ ಜೋಡಿಸುತ್ತಾರೆ. ಮೊದಲ ವರ್ಷವೇ ಆಟ 0-0 ಸಮ ಆಯಿತು. ಹೀಗಾಗಿ ಮೊದಲ ಕೊಂಡಿಯಲ್ಲಿ ಎರಡೂ ಅಕ್ಷರ ಕೂಡಿವೆ.

ಮೊದಲ ಪ್ರಯಾಣ, ಮೊದಲ ಊಟ

ಪರ ಊರಿಗೆ ಆಟ ನೋಡಲು ಹೋಗುವ ಈ ಪರಿಪಾಠ ಆಟದಷ್ಟೇ ಹಳೆಯದು. ಅಮೆರಿಕದಲ್ಲಿ ಕಾಲೇಜು-ಕಾಲೇಜಿನ ನಡುವಿನ ಮೊದಲ ಫುಟ್‌ಬಾಲ್ ಪಂದ್ಯವೆಂದು ಲೆಕ್ಕ ಹಿಡಿಯುವುದು 1869ರ ನವೆಂಬರ್ 6ರ ಆಟವನ್ನು. ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್ ಕಾಲೇಜಿನ ಮೈದಾನ. ಪ್ರಿನ್ಸ್‌ಟನ್ ಹುಡುಗರು ರೈಲು ಹತ್ತಿ ಬಂದಿದ್ದರು. ಒಂದೊಂದು ಕಡೆ 25 ಮಂದಿ. ಆಗ ಚೆಂಡು ಹಿಡಿದು ಓಡುವಂತಿರಲಿಲ್ಲ, ಒದೆಯಬೇಕು, ಇಲ್ಲವೇ ಕೈಯಿಂದ ಬಡಿಯಬೇಕು. ನೋಡುಗರು ನೂರರ ಆಸುಪಾಸು, ಬೇಲಿಯ ಮೇಲೆ, ನೆಲದ ಮೇಲೆ ಕೂತವರು. ಸಮವಸ್ತ್ರ ಇರಲಿಲ್ಲ. ತಮ್ಮವರು ಯಾರೆಂದು ಗುರುತು ಸಿಗಲಿ ಎಂದು ರಟ್ಗರ್ಸ್ ಹುಡುಗರು ತಲೆಗೆ ಕೆಂಪು ಬಟ್ಟೆಯನ್ನು ರುಮಾಲಿನಂತೆ ಸುತ್ತಿಕೊಂಡಿದ್ದರು.

ರಟ್ಗರ್ಸ್ 6-4ರಿಂದ ಗೆದ್ದಿತು. ಸಂಜೆ ಗೆದ್ದವರು, ಸೋತವರು ಒಂದೇ ಪಂಕ್ತಿಯಲ್ಲಿ ಊಟ ಮಾಡಿದರು. ವಾರದ ಮೇಲೆ ರಟ್ಗರ್ಸ್‌ನವರು ಪ್ರಿನ್ಸ್‌ಟನ್‌ಗೆ ಹೋದಾಗ 8-0ರಿಂದ ಸೋತು ಬಂದರು. ಒಮ್ಮೆ ಪಾವಣ್ಯಾರಾಗಿ ಬಂದವರು ಮರುವಾರ ಮನೆಯವರು. ಲೆಕ್ಕ ಚುಕ್ತಾ!

ಹದಿನೇಳು ಮೆಟ್ಟಿಲು

ಆದರೆ ಎಲ್ಲ ಪ್ರಯಾಣವೂ ಊಟದಲ್ಲಿ ಮುಗಿಯಲಿಲ್ಲ. 1903ರ ಅಕ್ಟೋಬರ್ 31. ಇದೇ ಪರ್ಡ್ಯೂ, ಇದೇ ಇಂಡಿಯಾನಾ. ಆ ವರ್ಷದ ಆಟ ಇಂಡಿಯಾನಾಪೊಲಿಸ್ ನಗರದಲ್ಲಿ. ಪರ್ಡ್ಯೂ ತಂಡ, ವಿದ್ಯಾರ್ಥಿಗಳು, ಊರಿನ ಅಭಿಮಾನಿಗಳಿಗೆಂದು ಎರಡು ವಿಶೇಷ ರೈಲು ಹೊರಟವು. ಮೊದಲ ರೈಲಿನ ಮೊದಲ ಬೋಗಿಯಲ್ಲಿ ಆಟಗಾರರು. ಹಿಂದಿನ ಬೋಗಿಗಳಲ್ಲಿ ಹಾಡು, ಕೂಗು, ಬಾವುಟ.

ವಿಶೇಷ ರೈಲು ಬರುತ್ತಿದೆ ಎಂಬ ಸುದ್ದಿ ಮುಂದಿನ ಯಾರ್ಡಿಗೆ ಮುಟ್ಟಲೇ ಇಲ್ಲ. ಅದೇ ಹಳಿಯ ಮೇಲೆ ಕಲ್ಲಿದ್ದಲಿನ ಗಾಡಿ ಬಂದಿತ್ತು. ನಗರ ಇನ್ನೇನು ಬಂತು ಅನ್ನುವಾಗ ಡಿಕ್ಕಿ. ಮುಂದಿನ ಕಟ್ಟಿಗೆಯ ಬೋಗಿ ಚೂರುಚೂರು. ಹದಿನೇಳು ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಆಟಗಾರರೇ. ಹಿಂದಿನ ಬೋಗಿಯವರಿಗೆ ಏನಾಯಿತೆಂದು ತಿಳಿಯಲೇ ಹೊತ್ತು ಹಿಡಿಯಿತು. ಎರಡನೆಯ ರೈಲು ಹಿಂದೆಯೇ ಬರುತ್ತಿತ್ತು. ಕೆಲವರು ಹಳಿಗುಂಟ ಹಿಂದಕ್ಕೆ ಓಡಿ ಹೋಗಿ ಅದನ್ನು ನಿಲ್ಲಿಸಿದರು. ಇಲ್ಲವಾದರೆ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ!

ತಂಡದ ನಾಯಕ ಹ್ಯಾರಿ ಲೆಸ್ಲಿ ಸತ್ತನೆಂದೇ ತಿಳಿದು ಶವಾಗಾರಕ್ಕೆ ಒಯ್ದಿದ್ದರು. ಅಲ್ಲಿ ನಾಡಿ ಮಿಡಿಯುವುದು ಕಂಡಿತು. ಬದುಕಿದ ಆ ಹುಡುಗನೇ ಮುಂದೆ 1929ರಿಂದ 1933ರವರೆಗೆ ಇಂಡಿಯಾನಾ ರಾಜ್ಯದ ಗವರ್ನರ್ ಆದ.

ತೀರಿಹೋದವರ ನೆನಪಿಗೆ ಪರ್ಡ್ಯೂದಲ್ಲಿ 1909ರಲ್ಲಿ ಮೆಮೋರಿಯಲ್ ಜಿಮ್ನೇಷಿಯಂ ಕಟ್ಟಿಸಿದರು. ಅದರ ಮುಂದಿನ ಮೆಟ್ಟಿಲು ಹದಿನೇಳು. ತಲೆಗೊಂದು ಮೆಟ್ಟಿಲು. “ಮಾಮಾ, ನಾ ದಿನಾ ಆ ಕಡೆಯಿಂದನ ಹೋಗತೀನಿ. ಎಣಿಸಿರಲಿಲ್ಲ” ಎಂದು ಹುಡುಗ ಆಮೇಲೆ ಹೇಳಿದ. ಮರುದಿನ ಎಣಿಸಿ ಬಂದು ಫೋನ್ ಮಾಡಿದ.

ಕೆಂಪು ಹೊಳೆ ಹರಿದ ದಿನ

ಪರರ ಮೈದಾನವನ್ನೇ ತಮ್ಮದು ಮಾಡಿಕೊಂಡವರ ಮಾತು ಬಂದರೆ ಅಲ್ಲಿನವರು ಈಗಲೂ ಹೇಳುವುದು 2000ದ ಸೆಪ್ಟೆಂಬರ್ 9ರ ಕಥೆ. ನೆಬ್ರಾಸ್ಕಾದ ಲಿಂಕನ್‌ನಿಂದ ನಾಟರ್ ಡೇಮ್ ವಿಶ್ವವಿದ್ಯಾಲಯದ ಸೌತ್ ಬೆಂಡ್‌ಗೆ ಹಾದಿ ಹೆಚ್ಚೂಕಡಿಮೆ ಸಾವಿರ ಕಿ.ಮೀ. ಹೊರಗಿನವರಿಗೆ ಅಧಿಕೃತವಾಗಿ ಸಿಕ್ಕದ್ದು ನಾಲ್ಕೇ ಸಾವಿರ ಟಿಕೆಟ್. ಆದರೆ ಮೈದಾನದಲ್ಲಿ ಕೆಂಪು ಅಂಗಿ ತೊಟ್ಟು ಕೂತ ನೆಬ್ರಾಸ್ಕಾದವರು 25ರಿಂದ 30 ಸಾವಿರ ಎಂದು ಅಂದಾಜು! ಎಂಬತ್ತು ಸಾವಿರ ಕುರ್ಚಿಗಳಲ್ಲಿ ಮೂರರಲ್ಲೊಂದು ಪಾಲು.

ಇದು ಹೇಗಾಯಿತು? ಮನೆಯವರೇ ತಮ್ಮ ಟಿಕೆಟ್ ಮಾರಿಕೊಂಡಿದ್ದರು. ಹೆಚ್ಚುವರಿ ಸಮಯದಲ್ಲಿ ನೆಬ್ರಾಸ್ಕಾ 27-24ರಿಂದ ಗೆದ್ದಿತು. ಸೋಲಿಗಿಂತ ತಮ್ಮ ಅಂಗಳದಲ್ಲಿ ಪರರ ಬಣ್ಣ ತುಂಬಿದ್ದೇ ನಾಟರ್ ಡೇಮ್‌ನವರಿಗೆ ಬಹಳ ದಿನ ಚುಚ್ಚಿತು. ಅದೇ ನೆಬ್ರಾಸ್ಕಾದವರಿಗೆ ಇನ್ನೊಂದು ರೂಢಿಯಿದೆ. ತಮ್ಮ ಊರಿಗೆ ಬಂದ ಎದುರಾಳಿ ತಂಡ ಆಟ ಮುಗಿಸಿ ಹೊರಡುವಾಗ, ಸೋತಿರಲಿ ಗೆದ್ದಿರಲಿ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

ಸಣ್ಣವರ ಸರದಿಯೂ ಬರುತ್ತದೆ. 2007ರ ಸೆಪ್ಟೆಂಬರ್ 1. ಅಪಲೇಚಿಯನ್ ಸ್ಟೇಟ್ ಎಂಬ ಗುಡ್ಡಗಾಡಿನ ಕಾಲೇಜು ಕೆಳಗಿನ ದರ್ಜೆಯ ತಂಡ ಕಟ್ಟಿಕೊಂಡು ದೇಶದಲ್ಲಿ ಐದನೆಯ ಸ್ಥಾನದ ಮಿಷಿಗನ್ ಮೈದಾನಕ್ಕೆ ಹೋಯಿತು. ಒಂದು ಲಕ್ಷ ಒಂಬತ್ತು ಸಾವಿರ ಜನರ ನಡುವೆ ಅವರ ಕಡೆಯವರು ಒಂದು ಮೂಲೆ. ಕೊನೆಯ ಗಳಿಗೆಯಲ್ಲಿ ಮಿಷಿಗನ್‌ನ ಒದೆತವನ್ನು ತಡೆದು 34-32ರಿಂದ ಗೆದ್ದರು. ದೊಡ್ಡ ಮೈದಾನಕ್ಕೆ ಮೌನ. ಇತ್ತ ಬೂನ್ ಎಂಬ ಊರಿನಲ್ಲಿ ಉಳಿದಿದ್ದ ವಿದ್ಯಾರ್ಥಿಗಳು ತಮ್ಮದೇ ಖಾಲಿ ಮೈದಾನಕ್ಕೆ ನುಗ್ಗಿ ಗೋಲುಕಂಬ ಕಿತ್ತು, ಹೊತ್ತುಕೊಂಡು ಹೋಗಿ ಕುಲಪತಿಗಳ ಮನೆಯಂಗಳದಲ್ಲಿ ಇಟ್ಟರು!

ಎದುರಾಳಿಯೂ ಕೈ ಬೀಸುವ ಹೊತ್ತು

ಹೊರಗಿನಿಂದ ಬಂದವರು ಮರೆಯಲಾರದ ಇನ್ನೊಂದು ಊರು ಅಯೋವಾ ಸಿಟಿ. ಅಲ್ಲಿನ ಕಿನ್ನಿಕ್ ಮೈದಾನಕ್ಕೆ ಹೊಂದಿಕೊಂಡೇ ಮಕ್ಕಳ ಆಸ್ಪತ್ರೆಯ ಎತ್ತರದ ಕಟ್ಟಡವಿದೆ. 2017ರಿಂದ ಪ್ರತಿ ಪಂದ್ಯದ ಮೊದಲ ಕಾಲುಭಾಗ ಮುಗಿದ ಕೂಡಲೇ ಮೈದಾನವೆಲ್ಲ ಆ ಕಡೆ ತಿರುಗಿ ಕೈ ಬೀಸುತ್ತದೆ. ಕಿಟಕಿಗೆ ಮುಖ ಹಚ್ಚಿ ನಿಂತ ಮಕ್ಕಳು ಮೇಲಿನಿಂದ ಕೈ ಬೀಸುತ್ತಾರೆ. ಆಗ ಮನೆಯವರು, ಹೊರಗಿನವರು ಎಂಬ ಭೇದವಿಲ್ಲ. ಎದುರು ತಂಡದ ಆಟಗಾರರು, ಅವರ ಹಿಂದೆ ನೂರಾರು ಮೈಲು ಬಂದ ಅಭಿಮಾನಿಗಳು, ಎಲ್ಲರ ಕೈಯೂ ಮೇಲೆ. ಒಬ್ಬ ಅಭಿಮಾನಿ ಫೇಸ್‌ಬುಕ್‌ನಲ್ಲಿ ಬರೆದ ಸಲಹೆಯಿಂದ ಶುರುವಾದದ್ದು ಇದು.

ನಮಗೇನು ಹೊಸದಲ್ಲ

ಇದನ್ನೆಲ್ಲ ಓದುವಾಗ ನನ್ನ ಬಿ.ಕಾಂ. ದಿನಗಳು ನೆನಪಾದವು. ಕಬಡ್ಡಿ ತಂಡದ ಹಿಂದೆ ಟೆಂಪೊ ಹತ್ತಿ ಸೊಲ್ಲಾಪುರಕ್ಕೆ ಹೋಗಿದ್ದೆವು. ನಮ್ಮವರಿಗೆ ಕನ್ನಡದಾಗ ಗುಟ್ಟು ಕೂಗಿ ಹೇಳಿದರೆ ಎದುರಿನವರಿಗೆ ತಿಳಿಯೋದಿಲ್ಲ ಅಂತ ನಮ್ಮ ಶಾಣ್ಯಾತನ. “ಎಡಗಡಿಯಾಂವನ ಕಾಲು ಹಿಡಿ” ಎಂದು ಒದರಿದೆವು. ಎಡಗಡೆಯವನು ನಕ್ಕು ಹಿಂದೆ ಸರಿದ. ಅವನ ಮನೆಯ ಮಾತೂ ಕನ್ನಡವೇ! ಸೋತೆವು. ರಾತ್ರಿ ಅವರದೇ ಮನೆಯಲ್ಲಿ ಭಕ್ರಿ ಉಂಡು ಬಂದೆವು.

ಗಡಿಯಲ್ಲಿ ಬಾಳುವ ನಮಗೆ ಮನೆಯ ಮೈದಾನ ಯಾವುದು, ಹೊರಗಿನದು ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಸೊಲ್ಲಾಪುರಕ್ಕೆ ಹೋದರೆ ಕನ್ನಡದವರು, ವಿಜಯಪುರಕ್ಕೆ ಹೋದರೆ ಮಹಾರಾಷ್ಟ್ರದವರು. ಎಲ್ಲಿ ಹೋದರೂ ಮೂಲೆಯ ಕುರ್ಚಿ. ಹಾಗೆಂದು ಕೂಗುವುದನ್ನು ಬಿಟ್ಟಿಲ್ಲ, ಎದುರಿನವರ ಊಟವನ್ನೂ ಬಿಟ್ಟಿಲ್ಲ. ಅಮೆರಿಕದ ಮೈದಾನದಲ್ಲಿ ಮೂಲೆ ಹಿಡಿದು ಕೂತ ನಮ್ಮ ಹುಡುಗನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ನಮ್ಮ ಊರುಗಳ ಹುಡುಗರೂ ವಾಲಿಬಾಲ್, ಕಬಡ್ಡಿ ಪಂದ್ಯಗಳಿಗೆ ಕ್ರೂಸರ್, ಟೆಂಪೊಗಳಲ್ಲಿ ಕಿಕ್ಕಿರಿದು ಹೋಗುತ್ತಾರೆ. ರಾತ್ರಿ ಬಹುಮಾನ ವಿತರಣೆ ಮುಗಿಸಿ, ನಿದ್ದೆಗೆಟ್ಟ ಡ್ರೈವರನ ಜೊತೆ ಮರಳುತ್ತಾರೆ. 1903ರಲ್ಲಿ ತಪ್ಪಿದ್ದು ಮುಂದಿನ ಯಾರ್ಡಿಗೆ ಮುಟ್ಟಬೇಕಾದ ಒಂದು ಸುದ್ದಿ, ಅಷ್ಟೇ. ಎಲ್ಲಿಗೆ ಹೊರಟಿದ್ದೇವೆ, ಎಷ್ಟಕ್ಕೆ ಬಿಟ್ಟೆವು ಎಂದು ಮನೆಗೆ ಒಂದು ಮಾತು ತಿಳಿಸುವುದು, ಹೊತ್ತಾದರೆ ಅಲ್ಲೇ ಉಳಿದು ಬೆಳಗಾದ ಮೇಲೆ ಹೊರಡುವುದು ಖರ್ಚಿನ ಕೆಲಸವಲ್ಲ.

ಆ ರವಿವಾರ ಅಕ್ಕ ಕೊನೆಗೆ ಹೇಳಿದ್ದೂ ಇಷ್ಟೇ: “ಸೋತದ್ದು ಸೋತಿರಿ. ಗಾಡಿ ಸಾವಕಾಶ ಹೊಡೀರಿ. ಮುಟ್ಟಿದ ಮ್ಯಾಲೆ ಫೋನ್ ಮಾಡು.”

ಆಮೇಲೆ ಅವಳು ಅಡುಗೆಮನೆಗೆ ಹೋದಳಾದರೂ ಫೋನ್ ಕೈಯಲ್ಲೇ ಇತ್ತು. ಹನ್ನೊಂದೂವರೆಗೆ ಅದು ಬಾರಿಸಿತು. ಅಲ್ಲಿ ರಾತ್ರಿ ಒಂದು ಗಂಟೆ.

“ಮುಟ್ಟಿದೆ ಅವ್ವಾ.”